ಸೊಳ್ಳೆ ಕೋಣೆಗೆ ಹೊಗೆ ಹೊಡೆಸಿದವರು

ನಿವೃತ್ತಿಯಾದ ಮೇಲೆ ಎದುರು ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇಷ್ಟು ವರ್ಷ ಸರ್ವೀಸಲ್ಲಿ ಏನು ಸಂಪಾದನೆ ಮಾಡಿದ್ರಿ ಮೂರ್ತಿಗಳೇ?’ ನಾನು ಮಾತಾಡದೆ ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ತೋರಿಸುತ್ತೇನೆ. ಕಚ್ಚಿಸಿಕೊಂಡು, ಕೆರೆದುಕೊಂಡು ಕಪ್ಪಾದ ಚುಕ್ಕೆಗಳು ಎರಡೂ ಕಾಲಿನ ತುಂಬ ಇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ತಾಲ್ಲೂಕಿನ ಸೊಳ್ಳೆಗಳು ಸೇರಿ ಬಿಡಿಸಿದ ರಂಗೋಲಿ. ಕೇಳಿದವರು ಸಾಮಾನ್ಯವಾಗಿ ಅಲ್ಲಿಂದ ಬೇಗ ಹೊರಡುತ್ತಾರೆ.

ಹಾಸನದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೊಳ್ಳೆ, ಚಿಗಟ, ಹೊಟ್ಟೆಹುಳಗಳ ಜೊತೆ ನನ್ನ ಆಯುಸ್ಸು ಕಳೆಯಿತು. ಅವೂ ಪರಾವಲಂಬಿಗಳು, ನಾನೂ ಸಂಬಳದ ಮೇಲೆ ಬದುಕಿದವನು, ಹೊಂದಾಣಿಕೆ ಚೆನ್ನಾಗಿತ್ತು. ಈ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬಡ್ತಿ ಬಂದದ್ದು ನಮ್ಮ ಮನೆಯವಳಿಗೇ ತಿಳಿಯಲಿಲ್ಲ, ನಿಮಗ್ಯಾಕೆ?

ನನ್ನದೊಂದು ಚಟವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರು ಎರಡು ಮಾತಾಡಿದರೂ ಮೂರನೆಯದನ್ನು ಅವರದೇ ದನಿಯಲ್ಲಿ ನಾನು ಆಡಬಲ್ಲೆ. ವಯಸ್ಸು ಅರವತ್ತು ದಾಟಿತು, ಮಂಡಿ ಹಿಡಿಯಿತು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. ನಮ್ಮ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ವೀರಭದ್ರಯ್ಯನವರು ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಸಣ್ಣ ಕೆಮ್ಮು ಕೆಮ್ಮಿ, ‘ತಾತ್ವಿಕವಾಗಿ ಹೇಳೋದಾದರೆ’ ಎನ್ನುತ್ತಿದ್ದರು. ಕಾಫಿಗೆ ಸಕ್ಕರೆ ಕಮ್ಮಿ ಎನ್ನುವುದನ್ನೂ ತಾತ್ವಿಕವಾಗಿಯೇ ಹೇಳುತ್ತಿದ್ದರು. ಅವರ ಕೆಮ್ಮನ್ನು ನಾನು ಕಾರಿಡಾರಿನಲ್ಲಿ ಕೆಮ್ಮಿದರೆ ಇಡೀ ಸ್ಟಾಫ್ ರೂಮು ಪುಸ್ತಕ ತೆರೆದು ಕೂರುತ್ತಿತ್ತು. ಸೊಳ್ಳೆಯ ದನಿಯೂ ಬರುತ್ತಿತ್ತು. ಹೆಣ್ಣು ಸೊಳ್ಳೆ ಮಾತ್ರ. ಗಂಡಿನದ್ದು ಕೊನೆಯವರೆಗೂ ಹಿಡಿತಕ್ಕೆ ಸಿಗಲಿಲ್ಲ.

ಕೆಲಸ ಎಂದರೆ ಏನು? ಜನ ತಿಳಿದಿರುವುದು ಬಿಳಿ ಕೋಟು, ಸೂಕ್ಷ್ಮದರ್ಶಕ. ನಾನು ಸೇರಿದ ಕಾಲಕ್ಕೆ ಅದು ಮುಖ್ಯವಾಗಿ ಬಾಯಿಯ ಕೆಲಸ. ಒಂದು ಗಾಜಿನ ನಳಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿರುತ್ತಾರೆ. ಕೊಟ್ಟಿಗೆ ಗೋಡೆಯ ಮೇಲೆ ಕೂತ ಸೊಳ್ಳೆಯ ಹತ್ತಿರ ನಳಿಗೆ ಹಿಡಿದು, ಕೊಳವೆಯ ಈ ತುದಿಯಿಂದ ಮೆಲ್ಲಗೆ ಉಸಿರೆಳೆದರೆ ಸೊಳ್ಳೆ ಒಳಗೆ ಬಂದು ಬೀಳುತ್ತದೆ. ನಡುವೆ ಒಂದು ಚೂರು ತೆಳು ಬಟ್ಟೆ ಕಟ್ಟಿರಬೇಕು. ಶಾಂತಿಗ್ರಾಮದ ಒಂದು ಕೊಟ್ಟಿಗೆಯಲ್ಲಿ ನಾನು ಬಟ್ಟೆ ಕಟ್ಟುವುದನ್ನು ಮರೆತು, ಶಾಸ್ತ್ರೋಕ್ತವಾಗಿ ಉಸಿರೆಳೆದೆ. ಹಾಲು ಕರೆಯುತ್ತ ಕೂತಿದ್ದ ಮನೆಯ ಹೆಂಗಸು ನಾನು ನುಂಗಿ ಕೆಮ್ಮುವುದನ್ನೆಲ್ಲ ನೋಡಿ, ‘ಅಯ್ಯೋ ಸಾ, ಒಟ್ಟೆ ಅಸ್ದಿದ್ರೆ ಕೇಳ್ಬಾರ್ದಾ? ಮುದ್ದೆ ಇಕ್ಕಿರ್ನಿಲ್ವಾ ನಾನು!’ ಎಂದರು. ನನ್ನ ಸಂಶೋಧನೆಗೆ ಸಮಾಜದಿಂದ ಬಂದ ಮೊದಲ ಪ್ರತಿಕ್ರಿಯೆ ಅದು.

ಹಿಡಿದು ತಂದದ್ದನ್ನು ಸಾಕಬೇಕು. ನಮ್ಮ ಕಟ್ಟಡದ ಮೇಲ್ಮಹಡಿಯ ಮೂಲೆಯಲ್ಲಿ ಒಂದು ಬೆಚ್ಚನೆಯ ಕೋಣೆ. ತಟ್ಟೆಗಳಲ್ಲಿ ನೀರು, ನೀರಿನಲ್ಲಿ ಕುಣಿಯುವ ಮರಿಗಳು, ಅವಕ್ಕೆ ನಾಯಿ ಬಿಸ್ಕತ್ತಿನ ಪುಡಿ. ರೆಕ್ಕೆ ಬಂದವಕ್ಕೆ ಜಾಲರಿಯ ಗೂಡು, ನೆನೆಸಿದ ದ್ರಾಕ್ಷಿ. ಕಾಲೇಜಿನ ಹಾಸ್ಟೆಲಿನಲ್ಲೂ ಅಷ್ಟು ಕಾಳಜಿಯ ಊಟ ಇರಲಿಲ್ಲ. ಹೆಣ್ಣು ಸೊಳ್ಳೆ ಮೊಟ್ಟೆ ಇಡಲು ರಕ್ತ ಬೇಕಲ್ಲ, ಅದಕ್ಕೆ ನಾವು ಸರದಿಯ ಮೇಲೆ ಗೂಡಿನೊಳಗೆ ಕೈ ಇಟ್ಟುಕೊಂಡು ಕೂರುತ್ತಿದ್ದೆವು. ಆಮೇಲೆ ನೈತಿಕತೆಯ ಸಮಿತಿ ಬಂತು, ಕೈ ಇಡಕೂಡದು ಎಂದಿತು, ಬೆಚ್ಚಗೆ ಮಾಡಿದ ಕೋಳಿ ರಕ್ತವನ್ನು ತೆಳು ಪೊರೆಯ ಕೆಳಗಿಟ್ಟು ಕುಡಿಸುವ ಉಪಕರಣ ಬಂತು. ಸೊಳ್ಳೆಗಳು ಮೊದಲ ವಾರ ಅದರ ಹತ್ತಿರ ಸುಳಿಯಲಿಲ್ಲ. ನನ್ನ ರುಚಿಗೆ ಒಗ್ಗಿದ್ದವು ಎಂದು ನಾನು ಹೆಮ್ಮೆಪಟ್ಟೆ.

ಆ ಕೋಣೆಯ ಮುಖ್ಯ ಆಸ್ತಿ ನಾವು ‘ಹಳೇ ಸಂತಾನ’ ಎನ್ನುತ್ತಿದ್ದ ಈಡಿಸ್ ಸೊಳ್ಳೆಗಳು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಜಾತಿ. ಎಷ್ಟೋ ತಲೆಮಾರಿನಿಂದ ಆ ಗೂಡಿನಲ್ಲೇ ಹುಟ್ಟಿ, ಅಲ್ಲೇ ಸತ್ತವು. ಹೊರಗಿನ ಗಾಳಿ ಕಂಡವಲ್ಲ, ಕೀಟನಾಶಕದ ವಾಸನೆ ಗೊತ್ತಿಲ್ಲ. ಯಾವ ಪ್ರಯೋಗ ಮಾಡಿದರೂ ಇವುಗಳ ಜೊತೆ ಹೋಲಿಸಿ ನೋಡಬೇಕು. ತಕ್ಕಡಿಗೆ ತೂಕದ ಬಟ್ಟು ಇದ್ದ ಹಾಗೆ.

ಈ ಆಸ್ತಿಯನ್ನು ನಂಬಿಕೊಂಡು ಬಂದವಳು ಸವಿತಾ. ಹಳ್ಳಿಮೈಸೂರಿನ ಹುಡುಗಿ, ವೀರಭದ್ರಯ್ಯನವರ ಸಂಶೋಧನಾ ವಿದ್ಯಾರ್ಥಿನಿ. ಯಾವ ನೀರಿನಲ್ಲಿ ಈಡಿಸ್ ಮರಿ ಎಷ್ಟು ಚೆನ್ನಾಗಿ ಬೆಳೆಯುತ್ತದೆ ಎನ್ನುವುದು ಅವಳ ವಿಷಯ. ಅರ್ಧ ಪ್ರಬಂಧ ಆಗಿತ್ತು. ಫೆಲೋಶಿಪ್ಪಿನ ಕೊನೆಯ ವರ್ಷ. ಚನ್ನರಾಯಪಟ್ಟಣದ ಒಂದು ಕಾಲೇಜಿನವರು ಉಪನ್ಯಾಸಕಿಯಾಗಿ ತೆಗೆದುಕೊಳ್ಳಲು ಒಪ್ಪಿದ್ದರು. ಪಿಎಚ್‌ಡಿ ಕೈಯಲ್ಲಿದ್ದರೆ ಮಾತ್ರ. ಇಲ್ಲವಾದರೆ ಮತ್ತೆ ಊರಿನ ಟ್ಯೂಷನ್ ಕೊಠಡಿ. ‘ಅಲ್ಲಿಗೆ ಹೋಗಲ್ಲ ಸಾರ್, ಏಳನೇ ಕ್ಲಾಸಿನ ಮಕ್ಕಳು ಈಡಿಸ್‌ಗಿಂತ ಜಾಸ್ತಿ ಕಚ್ತಾವೆ’ ಎನ್ನುತ್ತಿದ್ದಳು. ಅವಳು ಅರಕಲಗೂಡಿನ ಮನೆಗಳಿಂದ ತಂದ ಮರಿಗಳನ್ನು ಬೆಳೆಸಿ, ರೆಕ್ಕೆ ಬಂದವನ್ನು ಹಳೇ ಸಂತಾನದ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು.

ಅಷ್ಟರಲ್ಲಿ ಕಾಲೇಜಿಗೆ ದರ್ಜೆ ಕೊಡುವ ತಪಾಸಣಾ ಸಮಿತಿ ಬರುವುದು ಖಚಿತವಾಯಿತು. ವೀರಭದ್ರಯ್ಯನವರಿಗೆ ಸಮಿತಿ ಎಂದರೆ ಬೀಗರು. ತುಂಬಿದ ಗೂಡು ತೋರಿಸಬೇಕೆಂದು, ಕಷ್ಟಕಾಲಕ್ಕೆ ಕಾಗದದ ಮೇಲೆ ಒಣಗಿಸಿ ಎತ್ತಿಟ್ಟಿದ್ದ ಮೊಟ್ಟೆಗಳನ್ನೆಲ್ಲ ನೀರಿಗೆ ಹಾಕಿಸಿ ಮರಿ ಮಾಡಿಸಿದರು. ಆಮೇಲೆ ಯಾರೋ ನೆನಪಿಸಿದರು, ಹಿಂದಿನ ಸಲ ಬಂದ ಸಮಿತಿಯವರಿಗೆ ಸಭಾಂಗಣದಲ್ಲಿ ಸೊಳ್ಳೆ ಕಚ್ಚಿತ್ತಂತೆ. ವೀರಭದ್ರಯ್ಯನವರು ಕೆಮ್ಮಿದರು. ಹೊಗೆ ಹೊಡೆಯುವವನನ್ನು ಕರೆಸಿ, ‘ತಾತ್ವಿಕವಾಗಿ ಹೇಳೋದಾದರೆ, ಈ ಕಟ್ಟಡದಲ್ಲಿ ಒಂದು ಸೊಳ್ಳೇನೂ ಇರಬಾರದು. ಎಲ್ಲಾ ಕೋಣೆಗೂ ಹೊಡಿ’ ಎಂದು ತಮ್ಮ ಬೀಗದ ಕೈ ಗೊಂಚಲನ್ನೇ ಕೊಟ್ಟರು. ಅವತ್ತು ಸವಿತಾ ಊರಿಗೆ ಹೋಗಿದ್ದಳು. ನಾನು ಸಮಿತಿಯವರ ಊಟಕ್ಕೆ ಒಬ್ಬಟ್ಟೋ ಹೋಳಿಗೆಯೋ ಎಂಬ ಚರ್ಚೆಯ ಅಧ್ಯಕ್ಷತೆ ವಹಿಸಿದ್ದೆ. ಎರಡೂ ಒಂದೇ ಎಂದು ಯಾರೂ ಒಪ್ಪಲಿಲ್ಲ.

ಮಾರನೇ ಬೆಳಿಗ್ಗೆ ಆ ಹೊಗೆಯವನು ಮರೆತ ಲಾಳಿಕೆ ಹುಡುಕಿಕೊಂಡು ಬಂದ. ನನ್ನನ್ನು ಕಂಡವನೇ ಕೈಯೆತ್ತಿದ.

‘ನಮಸ್ಕಾರ ಸಾ. ಮ್ಯಾಲಿನ ಮೂಲೆ ರೂಮ್ ಇತ್ತಲ್ಲ, ಏನ್ ಸೊಳ್ಳೆ ಸಾ ಅದು! ಗೂಡ್ಗೂಡೇ ತುಂಬ್ಕಂಡವೆ. ಯಾರೂ ನೋಡೇ ಇಲ್ಲ ಅಂತ ಕಾಣ್ತದೆ. ಅದಕ್ಕೆ ಅಲ್ಲಿಗೆ ಮಾತ್ರ ಎಲ್ಡು ಸಲ ಒಡ್ದಿವ್ನಿ.’

ನಾನು ಮೆಟ್ಟಿಲು ಹತ್ತಿದ ವೇಗವನ್ನು ಮಂಡಿ ಇವತ್ತಿಗೂ ಕ್ಷಮಿಸಿಲ್ಲ. ಸವಿತಾ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಹಳೇ ಸಂತಾನದ ಗೂಡುಗಳ ತಳದಲ್ಲಿ ಕಪ್ಪು ಎಳ್ಳು ಚೆಲ್ಲಿದ ಹಾಗೆ ಸೊಳ್ಳೆಗಳು. ತಟ್ಟೆಗಳ ನೀರಿನ ಮೇಲೆ ಎಣ್ಣೆಯ ಪೊರೆ, ಒಂದು ಮರಿಯೂ ಅಲುಗುತ್ತಿಲ್ಲ. ಎತ್ತಿಟ್ಟ ಮೊಟ್ಟೆಯೂ ಇಲ್ಲ. ದೇಶದಲ್ಲಿ ಸೊಳ್ಳೆಗೆ ಹೊಗೆ ಹೊಡೆಸದ ಊರಿಲ್ಲ. ಆದರೆ ತಾವೇ ದ್ರಾಕ್ಷಿ ಹಾಕಿ ಸಾಕಿದ ಸೊಳ್ಳೆಗೆ, ತಮ್ಮದೇ ಬೀಗದ ಕೈ ಕೊಟ್ಟು, ಎರಡು ಸಲ ಹೊಡೆಸಿದ ಸೊಳ್ಳೆ ವಿಜ್ಞಾನಿಗಳು ನಾವೇ ಇರಬೇಕು.

ಸವಿತಾ ಅಳುತ್ತಿದ್ದಳು. ನನಗೆ ಯಾರ ದನಿಯೂ ನೆನಪಿಗೆ ಬರಲಿಲ್ಲ, ನನ್ನದೂ. ಇದ್ದಕ್ಕಿದ್ದಂತೆ ಅವಳು ಅಳು ನಿಲ್ಲಿಸಿ, ‘ಸಾರ್, ಇದು ನೋಡಿ’ ಎಂದಳು. ಪಕ್ಕದ ಗೂಡಿನಲ್ಲಿ ಅರಕಲಗೂಡಿನ ಸೊಳ್ಳೆಗಳು ದ್ರಾಕ್ಷಿಯ ಮೇಲೆ ಕೂತು ತಿಂಡಿ ತಿನ್ನುತ್ತಿದ್ದವು. ಬೆರಳು ಇಟ್ಟರೆ ಓಡಿ ಬಂದವು. ಅದೇ ಕೋಣೆ, ಅದೇ ಹೊಗೆ.

ಸಮಿತಿ ಮಧ್ಯಾಹ್ನ ಬಂತು. ಒಬ್ಬ ಸದಸ್ಯರು ಹಳೇ ಸಂತಾನದ ಗೂಡಿಗೆ ಮೂಗು ತಾಗಿಸಿ, ‘ಇವು ಯಾಕೆ ಹಾರ್ತಾ ಇಲ್ಲ?’ ಎಂದು ಕೇಳಿದರು.

ವೀರಭದ್ರಯ್ಯನವರು ಕೆಮ್ಮಿದರು. ‘ತಾತ್ವಿಕವಾಗಿ ಹೇಳೋದಾದರೆ, ಹಗಲು ಹೊತ್ತು ನಿದ್ದೆ ಮಾಡ್ತವೆ ಸಾರ್.’ ಈಡಿಸ್ ಹಗಲಲ್ಲಿ ಕಚ್ಚುವ ಸೊಳ್ಳೆ ಎಂದು ನಾವು ಅದೇ ಕೋಣೆಯ ಬಾಗಿಲಿಗೆ ಚಿತ್ರ ಸಮೇತ ಅಂಟಿಸಿದ್ದೆವು.

‘ಮತ್ತೆ ಪಕ್ಕದವು ಹಾರ್ತಾ ಇವೆ?’

‘ಅವು ಅರಕಲಗೂಡಿನವು ಸಾರ್’ ಎಂದರು, ಅಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬಂತೆ. ಸದಸ್ಯರು ತಲೆಯಾಡಿಸಿ ಮುಂದೆ ಹೋದರು. ನಮಗೆ ಒಳ್ಳೆಯ ದರ್ಜೆಯೇ ಸಿಕ್ಕಿತು.

ಸಮಿತಿ ಹೋದ ಮೇಲೆ ಸವಿತಾ ನೇರ ಅವರ ಕೋಣೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು.

‘ಸಾರ್, ಆಗ್ಬೇಕಿದ್ದ ಅರ್ಧ ಪ್ರಬಂಧ ಹೊಗೇಲಿ ಹೋಯ್ತು. ಆದ್ರೆ ಊರಿನ ಸೊಳ್ಳೆ ಸಾಯ್ಲಿಲ್ಲ. ಬೀದಿ ಬೀದೀಲಿ ಹೊಡೀತಿರೋದು ಇದೇ ಔಷಧ. ಉಳಿದ ಅರ್ಧಕ್ಕೆ ಇದನ್ನೇ ಪರೀಕ್ಷೆ ಮಾಡ್ತೀನಿ.’

‘ಮಾಡಮ್ಮ. ಆದ್ರೆ ಹೊಗೆ ವಿಷಯ ಬರೀಬೇಡ. ಹಳೇ ಸಂತಾನ ಅನಿವಾರ್ಯ ಕಾರಣಗಳಿಂದ ನಷ್ಟವಾಯಿತು ಅಂತ ಬರಿ.’

‘ಅನಿವಾರ್ಯ ಅಲ್ವಲ್ಲ ಸಾರ್.’

‘ಬೇರೆಯವರು ಓದಿದ್ರೆ ನಗ್ತಾರೆ ಸವಿತಾ. ಸಹಿ ಹಾಕಬೇಕಾದವನು ನಾನು.’ ಅಷ್ಟು ದಿನದಲ್ಲಿ ಮೊದಲ ಸಲ ಅವರು ತಾತ್ವಿಕವಾಗಿ ಅಲ್ಲದೆ ಮಾತಾಡಿದರು. ಮಾರ್ಗದರ್ಶಕರ ಸಹಿ ಇಲ್ಲದೆ ಪ್ರಬಂಧ ಬಾಗಿಲು ದಾಟುವುದಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ‘ಸದ್ಯಕ್ಕೆ ಒಪ್ಕೊ’ ಎಂದು ಹುಬ್ಬಿನಲ್ಲೇ ಹೇಳಿದೆ.

ಮೈಸೂರಿನಲ್ಲಿ ನನ್ನ ಸ್ನೇಹಿತನೊಬ್ಬ ತನ್ನ ಪ್ರಯೋಗಾಲಯದಲ್ಲಿ ಔಷಧ ಕಾಣದ ಬೇರೊಂದು ಸಂತಾನ ಸಾಕಿದ್ದ. ಮೊಟ್ಟೆ ಅಂಟಿದ ಒಣ ಕಾಗದದ ಪಟ್ಟಿಗಳನ್ನು ಅವನು ಲಕೋಟೆಗೆ ಹಾಕಿಕೊಟ್ಟ. ಸಾವಿರಾರು ಸೊಳ್ಳೆಗಳನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ. ಕಂಡಕ್ಟರು ‘ಲಗೇಜು?’ ಎಂದ. ‘ಏನಿಲ್ಲಪ್ಪ, ಒಬ್ನೇ’ ಎಂದೆ.

ಇನ್ನು ಊರಿನ ಸೊಳ್ಳೆ ಬೇಕು. ಒಂದು ಗೂಡು ಸಾಲದು, ಬೇರೆ ಬೇರೆ ಬೀದಿಗಳದ್ದು ಬೇಕು. ಸವಿತಾ, ನಾನು, ಒಂದು ಜೀಪು, ಕೈಯಲ್ಲಿ ಟಾರ್ಚು, ಸೌಟು, ಪ್ಲಾಸ್ಟಿಕ್ ಡಬ್ಬಿ. ಮೊದಲು ಹೊಳೆನರಸೀಪುರಕ್ಕೆ ಹೋದೆವು. ಜೀಪು ಬೀದಿಗೆ ತಿರುಗುತ್ತಿದ್ದ ಹಾಗೆ ಮನೆಮನೆಯ ಹಿತ್ತಲಿನಿಂದ ದಬದಬ ಶಬ್ದ. ನಿಂತ ನೀರಿಗೆ ದಂಡ ಹಾಕುವವರು ಬಂದರೆಂದು ಎಲ್ಲರೂ ಡ್ರಮ್ಮು ಮಗುಚುತ್ತಿದ್ದರು. ನಾವು ಹೋಗುವಷ್ಟರಲ್ಲಿ ಬೀದಿಯ ತುಂಬ ನೀರು, ಡ್ರಮ್ಮುಗಳೆಲ್ಲ ಬೋರಲು, ಒಂದು ಮರಿಯೂ ಇಲ್ಲ. ಬೀದಿಯ ಕೊನೆಗೆ ನಿಂತು ಸವಿತಾ, ‘ಸಾರ್, ಔಷಧ ಬೇಡ. ಈ ಜೀಪನ್ನ ವಾರಕ್ಕೊಂದು ಸಲ ಸುಮ್ನೆ ಓಡಿಸಿದ್ರೆ ಸಾಕು’ ಎಂದಳು. ಅದನ್ನು ನಾನು ಆಮೇಲೆ ಮೇಲಿನವರಿಗೆ ಗಂಭೀರವಾಗಿಯೇ ಬರೆದು ಕಳಿಸಿದೆ. ಡೀಸೆಲ್ಲಿಗೆ ಅವಕಾಶವಿಲ್ಲ ಎಂದು ಉತ್ತರ ಬಂತು.

ಅರಕಲಗೂಡಿನಲ್ಲಿ ಜೀಪು ದೂರ ನಿಲ್ಲಿಸಿ ನಡೆದು ಹೋದೆವು. ಮೊದಲ ಮನೆಯ ಯಜಮಾನಿ ಪುಟ್ಟಮ್ಮನವರು ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

‘ನಮ್ಮನೇಲಿ ಸೊಳ್ಳೆ ಇಲ್ಲ, ಓಗಿ ಸಾ.’

‘ಒಂದು ಸಲ ತೊಟ್ಟಿ ನೋಡ್ತೀವಿ ಅಷ್ಟೇ, ಅಮ್ಮ.’

‘ನೀರ್ ಬುಡೋದು ವಾರಕ್ಕೊಂದು ಕಿತ. ಇಡ್ಕಂಡಿಟ್ಟಿದ್ನ ಚೆಲ್ಲು ಅಂತ ಏಳಕ್ ಬತ್ತೀರಾ. ಚೆಲ್ಬುಟ್ಟು ಏನ್ ನಿಮ್ ಜೀಪಲ್ಲಿ ಸ್ನಾನ ಮಾಡನಾ?’

ನಾನು ಜಿಲ್ಲಾಧಿಕಾರಿಯ ಗತ್ತಿನ ದನಿ ತೆಗೆದು ಸಾರ್ವಜನಿಕ ಆರೋಗ್ಯದ ಬಗ್ಗೆ ಎರಡು ಮಾತಾಡಿದೆ. ಪುಟ್ಟಮ್ಮನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಕಲೆಗೆ ಅಷ್ಟು ಶೀಘ್ರ ವಿಮರ್ಶೆ ಯಾರೂ ಕೊಟ್ಟಿರಲಿಲ್ಲ.

ಸವಿತಾ ಮುಚ್ಚಿದ ಬಾಗಿಲಿಗೆ ಹೇಳಿದಳು: ‘ಅಕ್ಕಾ, ನಾವು ದಂಡ ಹಾಕೋರಲ್ಲ. ನಾನು ಓದ್ತಾ ಇದೀನಿ. ನನ್ ಪರೀಕ್ಷೆಗೆ ಹುಳ ಬೇಕು. ಸಿಗ್ಲಿಲ್ಲ ಅಂದ್ರೆ ಇಷ್ಟು ವರ್ಷ ಓದಿದ್ದು ನೀರಲ್ಲಿ ಹೋಮ.’

ಬಾಗಿಲು ತೆರೆಯಿತು. ‘ಓದಾಕಾ? ಯಾವೂರವ್ವ ನಿಂದು?’

‘ಹಳ್ಳಿಮೈಸೂರು.’

‘ಅಂಗನ್ಬಾರ್ದಾ ಮೊದ್ಲೇ! ಈವಯ್ಯ ಏನೋ ಬಾಸಣ ಮಾಡ್ತಾವ್ನೆ. ಬಾ, ತಕ್ಕ, ಎಷ್ಟ್ ಬೇಕು ತಕ್ಕ.’ ತೊಟ್ಟಿಯ ಮುಚ್ಚಳ ತೆಗೆದರು. ಮರಿಗಳು ಕುಣಿಯುತ್ತಿದ್ದವು. ನಾನು ಸೌಟು ಅದ್ದುವಷ್ಟರಲ್ಲಿ ಪುಟ್ಟಮ್ಮ ಬೇಲಿಯಾಚೆಗೆ ಕೂಗಿ ಹೇಳಿದರು, ‘ಲೇ ಜಯಮ್ಮ, ಈ ಮಗೀನ ಓದಿಗೆ ಹುಳ ಬೇಕಂತೆ ಕಣೇ!’

ಆಮೇಲೆ ನಾವು ಯಾರ ಮನೆಗೂ ಹೋಗಬೇಕಾಗಲಿಲ್ಲ. ಚೊಂಬಿನಲ್ಲಿ, ಬಕೆಟ್ಟಿನಲ್ಲಿ, ಎಳನೀರಿನ ಬುರುಡೆಯಲ್ಲಿ ಬೀದಿಯವರೆಲ್ಲ ಮರಿ ತಂದರು. ‘ನಮ್ದು ನೋಡವ್ವ, ದಪ್ದಪ್ಕವೆ’ ಎಂದು ಜಯಮ್ಮ. ‘ಅವಳ್ದು ಮೋರಿ ನೀರಿಂದು, ತಕಬ್ಯಾಡ. ನಮ್ದು ಚೊಕ್ಕ ನೀರಲ್ಲಿ ಬೆಳ್ದವು’ ಎಂದು ಎದುರು ಮನೆಯವರು. ಸ್ವಂತ ಮನೆಯಲ್ಲಿ ಸೊಳ್ಳೆಯೇ ಇಲ್ಲ ಎಂದು ಆಣೆ ಹಾಕುವ ಜನ, ತಮ್ಮ ಸೊಳ್ಳೆಯೇ ಶ್ರೇಷ್ಠ ಎಂದು ಜಗಳಕ್ಕೆ ನಿಂತರು. ಹೊರಡುವಾಗ ಪುಟ್ಟಮ್ಮ ಸವಿತಾಳ ಕೈ ಹಿಡಿದು, ‘ಪಾಸಾಗ್ತೀಯ ಬುಡು’ ಎಂದರು. ಉಳಿದ ನೀರನ್ನು ಗಿಡಕ್ಕೆ ಹಾಕಿ ತೊಟ್ಟಿ ಉಜ್ಜಿ ಒಣಗಿಸಿ ಎಂದು ಸವಿತಾ ಹೇಳಿದಳು. ಉಜ್ಜಿದರು ಕೂಡ, ಓದುವ ಹುಡುಗಿ ಹೇಳಿದ್ದಳಲ್ಲ.

ಪರೀಕ್ಷೆ ಸರಳ. ಔಷಧ ಲೇಪಿಸಿದ ಕಾಗದ ಸುತ್ತಿದ ನಳಿಗೆಯೊಳಗೆ ಸೊಳ್ಳೆಗಳನ್ನು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಶುದ್ಧವಾದ ನಳಿಗೆಗೆ ದಾಟಿಸಿ, ಒಂದು ದಿನ ಕಾಯುವುದು. ಮೈಸೂರಿನವು ಬಿದ್ದವು, ಏಳಲಿಲ್ಲ. ಅರಕಲಗೂಡಿನವೂ ಬಿದ್ದವು, ಆದರೆ ಮದುವೆ ಊಟ ಮುಗಿಸಿ ಜಮಖಾನದ ಮೇಲೆ ಅಡ್ಡಾದವರ ಹಾಗೆ ಮಾರನೇ ದಿನಕ್ಕೆ ಮೈಮುರಿದು ಎದ್ದವು. ಹಾಸನ ಪೇಟೆಯವೂ, ಆಮೇಲೆ ಅದೇ ಉಪಾಯದಿಂದ ತಂದ ಹೊಳೆನರಸೀಪುರದವೂ ಹೆಚ್ಚೂಕಮ್ಮಿ ಹಾಗೆಯೇ. ಸವಿತಾ ಮತ್ತೆ ಮತ್ತೆ ಮಾಡಿದಳು. ಉತ್ತರ ಬದಲಾಗಲಿಲ್ಲ. ನಮ್ಮ ಬೀದಿಗಳಲ್ಲಿ ಹೊಗೆ ಬಂದಾಗ ಸಾಯುತ್ತಿದ್ದದ್ದು ಸೊಳ್ಳೆಗಳ ಬಗ್ಗೆ ನಮಗಿದ್ದ ಭಯ ಮಾತ್ರ.

ಪ್ರಬಂಧ ಸಿದ್ಧವಾಯಿತು. ಹಳೇ ಸಂತಾನ ‘ಅನಿವಾರ್ಯ ಕಾರಣಗಳಿಂದ’ ಸತ್ತಿತು. ವೀರಭದ್ರಯ್ಯನವರು ಸಹಿ ಹಾಕಿದರು. ಸವಿತಾ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು. ‘ಎಲ್ಲಾ ಶುರುವಾಗಿದ್ದೇ ಅಲ್ಲಿಂದ. ಅದನ್ನೇ ಬಿಟ್ಟೆ’ ಎಂದಳು. ‘ಕೆಲಸ ಸಿಗ್ಲಿ, ಆಮೇಲೆ ಬರೆಯುವಿಯಂತೆ’ ಎಂದೆ. ‘ಆಮೇಲೆ ಯಾರೂ ಬರೆಯಲ್ಲ ಸಾರ್’ ಎಂದಳು. ಅವಳ ವಯಸ್ಸಿಗೆ ಅಷ್ಟು ತಿಳಿದಿರಬಾರದು.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕಿ ಧಾರವಾಡದ ಕಡೆಯವರು. ಸಣ್ಣ ದನಿ, ದಪ್ಪ ಕನ್ನಡಕ. ಸಭಾಂಗಣದಲ್ಲಿ ನಾವೆಲ್ಲ ಕೂತಿದ್ದೆವು, ವೀರಭದ್ರಯ್ಯನವರು ಮುಂದಿನ ಸಾಲಿನಲ್ಲಿ. ಪರೀಕ್ಷಕಿ ಪ್ರಬಂಧವನ್ನು ನಡುವೆ ತೆರೆದು ಬೆರಳಿಟ್ಟರು.

‘ಇಲ್ಲೀ ತನಕ ಒಂದು ಸಂತಾನ, ಇಲ್ಲಿಂದ ಮುಂದ ಮತ್ತೊಂದು. ನಡುವ ಏನಾತವಾ?’

‘ಅನಿವಾರ್ಯ ಕಾರಣ ಮೇಡಂ.’

‘ಅದು ಓದೇನಿ. ಯಾವ ಕಾರಣ? ರೋಗ ಬಂದು ಸತ್ತಾವೋ, ನಿಮ್ಮ ಸಾಕಣಿ ಸರಿ ಇರಲಿಲ್ಲೋ? ಸಾಕಣಿ ಕೆಟ್ಟಿದ್ದರ ಮೊದಲಿನ ಅಧ್ಯಾಯ ಎಲ್ಲಾ ನಂಬೂ ಹಂಗಿಲ್ಲ. ವಾಪಸ್ ಕಳಸಬೇಕಾಗ್ತದ.’

ವಾಪಸ್ ಎಂದರೆ ಇನ್ನೊಂದು ವರ್ಷ. ಚನ್ನರಾಯಪಟ್ಟಣದವರು ಇನ್ನೊಂದು ತಿಂಗಳೂ ಕಾಯುವವರಲ್ಲ. ಸವಿತಾ ವೀರಭದ್ರಯ್ಯನವರ ಕಡೆ ನೋಡಿದಳು. ಅವರು ಚಾವಣಿಯ ಫ್ಯಾನಿನ ಕಡೆ ನೋಡಿದರು. ನನ್ನ ಕಡೆ ನೋಡಿದಳು. ಈ ಸಲ ನನ್ನ ಹುಬ್ಬು ಏನೂ ಹೇಳಲಿಲ್ಲ.

‘ಸಾಕಣೆ ಸರಿ ಇತ್ತು ಮೇಡಂ’ ಎಂದಳು. ‘ಕೋಣೆಗೆ ಹೊಗೆ ಹೊಡೆದ್ರು. ಹಳೇ ಸಂತಾನ ಪೂರ್ತಿ ಸತ್ತೋಯ್ತು. ಪಕ್ಕದ ಗೂಡಲ್ಲಿದ್ದ ಅರಕಲಗೂಡಿನವು ಬದುಕಿದ್ವು. ಅದನ್ನ ನೋಡಿದ್ಮೇಲೇ ಉಳಿದ ಪ್ರಯೋಗ ಶುರು ಮಾಡಿದ್ದು.’

ಪರೀಕ್ಷಕಿ ಕನ್ನಡಕ ತೆಗೆದರು.

‘ಒಂದಽ ಖೋಲಿ, ಒಂದಽ ಹೊಗಿ, ಎರಡು ಗೂಡು. ಒಂದು ಸತ್ತೈತಿ, ಒಂದು ಉಳದೈತಿ. ಅಲ್ಲಽ ತಂಗಿ, ಇಡೀ ಪ್ರಬಂಧದೊಳಗ ಇದಽ ಭಾಳ ಚಂದದ ಮಾತು. ಇದನ್ನ ಯಾಕ ಮುಚ್ಚಿಟ್ಟಿ? ಇಂಥಾ ಪರೀಕ್ಷೆ ಮಾಡಸಿದವರು ಯಾರು?’

ಮುಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನಲ್ಲ ಎಂದು ಕೈಯಾಡಿಸಿದೆ. ವೀರಭದ್ರಯ್ಯನವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಎದ್ದು ನಿಂತಿದ್ದರು.

‘ತಾತ್ವಿಕವಾಗಿ ಹೇಳೋದಾದರೆ’ ಎಂದರು, ‘ಹೊಗೆ ಹೊಡೆಸಿದ್ದು ನಾನೇ.’

ಸವಿತಾ ಅವರನ್ನೇ ನೋಡಿದಳು. ತುಟಿಯ ಮೂಲೆ ಅಲುಗಿದ್ದು ನನಗೆ ಕಂಡಿತು. ‘ಹೌದು ಮೇಡಂ’ ಎಂದಳು ಬಹಳ ವಿನಯದಿಂದ, ‘ಸಾರೇ ಹೊಡೆಸಿದ್ದು. ಬೀಗದ ಕೈನೂ ಅವರೇ ಕೊಟ್ಟಿದ್ದು.’

‘ಹಂಗಿದ್ದರ ತಿದ್ದಿದ ಪ್ರತಿಯೊಳಗ ಅದನ್ನ ಬರೀರಿ. ಯಾರ ಅಪ್ಪಣೆ, ಯಾವ ಔಷಧ, ಎಷ್ಟು ಸಲ, ಯಾವ ಸಂದರ್ಭ, ಎಲ್ಲಾ. ಆ ಪುಟಕ್ಕ ಮಾರ್ಗದರ್ಶಕರು ಬ್ಯಾರೇನಽ ಸಹಿ ಹಾಕಲಿ. ಪದವಿಗೆ ನನ್ನ ಒಪ್ಪಿಗಿ ಅದ.’

ಚಪ್ಪಾಳೆ ಬಿತ್ತು. ವೀರಭದ್ರಯ್ಯನವರೂ ತಟ್ಟಿದರು, ಬಹುಶಃ ತಮಗೇ.

ಸಂಜೆಯೊಳಗೆ ಸವಿತಾ ಆ ಪುಟ ಬರೆದು ತಂದಳು. ಸಮಿತಿ ಬರುವ ಹಿಂದಿನ ದಿನ, ಕಟ್ಟಡದಲ್ಲಿ ಒಂದು ಸೊಳ್ಳೆಯೂ ಇರಬಾರದೆಂದು, ವಿಭಾಗದ ಮುಖ್ಯಸ್ಥರ ಅಪ್ಪಣೆಯ ಮೇರೆಗೆ, ಸೊಳ್ಳೆ ಸಾಕುವ ಕೋಣೆಗೂ, ಎರಡು ಸಲ. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ವೀರಭದ್ರಯ್ಯನವರು ಎರಡು ಸಲ ಓದಿದರು. ಹಸಿರು ಮಸಿಯ ಪೆನ್ನು ತೆಗೆದು ಉದ್ದವಾಗಿ ಸಹಿ ಹಾಕಿದರು. ಆಮೇಲೆ ತಲೆಯೆತ್ತಿ, ‘ಸವಿತಾ, ಇಲ್ಲಿ “ಹೊಗೆ ಹೊಡೆಸಲಾಯಿತು” ಅನ್ನೋದಕ್ಕೆ ಮುಂಚೆ “ಪ್ರಯೋಗದ ಉದ್ದೇಶದಿಂದ” ಅಂತ ಒಂದು ಮಾತು ಸೇರಿಸಬಹುದಾ?’ ಎಂದು ಕೇಳಿದರು.

‘ಸೇರಿಸಬಹುದು ಸಾರ್. ಹಾಗಾದ್ರೆ ಮೊದಲೇ ಅನುಮತಿ ತಗೊಂಡಿದ್ರಾ ಅಂತ ನೈತಿಕತೆಯ ಸಮಿತಿಯವರು ಕೇಳ್ತಾರೆ.’

ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

‘ಬೇಡ ಬಿಡು. ಏನಾಯ್ತೋ ಅದೇ ಇರಲಿ’ ಎಂದರು.

ಅವರ ಇಡೀ ಸರ್ವೀಸಿನಲ್ಲಿ ಅವರ ಬಾಯಿಂದ ನಾನು ಕೇಳಿದ ಅಪ್ಪಟ ವಿಜ್ಞಾನದ ಮಾತು ಅದೊಂದೇ. ಅವರು ಮನಸ್ಸು ಬದಲಾಯಿಸುವ ಮುಂಚೆ, ಮಸಿ ಇನ್ನೂ ಹಸಿಯಾಗಿರುವಾಗಲೇ, ಸವಿತಾ ಪುಟ ಎತ್ತಿಕೊಂಡು ಊದುತ್ತ ಹೊರಗೆ ಓಡಿದಳು.